ಹಿಸೆಯಲ್ಲಿ ಉಳಿದ ಹಳೇ ಸರಸ್ವತಿ ಪಟ: ಯಾವ ಕಾಲದ್ದು, ಬೆಲೆ ಎಷ್ಟು, ಹೇಗೆ ತಿಳಿಯೋದು?

ಮೇಲಿನಮನೆ ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಮೂಲಮನೆ ಶಿರಸಿಯಿಂದ ದೇವಿಮನೆ ಘಟ್ಟದ ಕಡೆ ಹೋಗುವ ದಾರಿಯಲ್ಲಿದೆ. ಹಿಸೆ ಮುಗಿದಿದೆ, ಮಳೆಗಾಲ ಕಳೆದ ಮೇಲೆ ಮನೆ ಬಿಚ್ಚುವುದು ಅಂತ ತೀರ್ಮಾನ ಆಗಿದೆ. ತೋಟ, ಗದ್ದೆ, ಹಂಡೆ, ಕಡಾಯಿ ಎಲ್ಲ ಪಾಲಾದವು. ಜಗಲಿ ಗೋಡೆಯ ಒಂದು ಸರಸ್ವತಿ ಪಟ ಮಾತ್ರ ಯಾರ ಪಾಲಿನ ಪಟ್ಟಿಯಲ್ಲೂ ಇಲ್ಲ. ನೀರಿನ ದಡದ ಬಂಡೆ ಮೇಲೆ ಕೂತ ಸರಸ್ವತಿ, ಕೈಯಲ್ಲಿ ವೀಣೆ, ಪಕ್ಕದಲ್ಲಿ ನವಿಲು. ನವರಾತ್ರಿಯಲ್ಲಿ ನಾವು ಮಕ್ಕಳೆಲ್ಲ ಪುಸ್ತಕ ಇಟ್ಟು ಪೂಜೆ ಮಾಡಿದ್ದು ಇದರ ಮುಂದೆಯೇ.

ಪಟ ಸುಮಾರು 14 ಇಂಚು ಅಗಲ, 20 ಇಂಚು ಎತ್ತರ. ಕಟ್ಟು, ಅಂದರೆ ಚೌಕಟ್ಟು, ಈ ಅಳತೆಯಲ್ಲಿ ಸೇರಿಲ್ಲ. ಕಟ್ಟಿನ ಮರ ದಪ್ಪ, ಕಪ್ಪಗಿದೆ, ಮೂಲೆಗಳಲ್ಲಿ ಸಣ್ಣ ಬಳ್ಳಿಯ ಕೆತ್ತನೆ ಇದೆ. ಗಾಜಿನ ಮೂಲಕ ನೋಡಿದರೆ ನವಿಲಿನ ಕತ್ತು ಸ್ವಲ್ಪ ಅಲೆ ಅಲೆಯಾಗಿ ಕಾಣುತ್ತದೆ. ಮುತ್ತಜ್ಜ ಅಡಿಕೆ ವ್ಯಾಪಾರಕ್ಕೆ ಮುಂಬಯಿಗೆ ಹೋದಾಗ ತಂದದ್ದು ಅಂತ ದೊಡ್ಡಪ್ಪ ಹೇಳುತ್ತಾರೆ. ಆಯಿ ಹೇಳುವುದು ಬೇರೆ, ಅದು ಹುಬ್ಬಳ್ಳಿಯಲ್ಲಿ ಕೊಂಡದ್ದಂತೆ.

ಹಳೇ ಕಂಬ, ಬಾಗಿಲು ಕೊಳ್ಳುವವರು ಒಬ್ಬರು ಬಂದಿದ್ದರು. ಕಂಬದ ಮಾತು ಮುಗಿಸಿ, ಹೊರಡುವಾಗ "ಆ ಪಟಾನೂ ಇದರ ಜೊತೆಗೇ ಕೊಟ್ಬಿಡಿ, ಐನೂರು ಜಾಸ್ತಿ ಕೊಡ್ತೇನೆ" ಅಂದರು. ಅದೇ ದಿನ ಸಂಜೆ ಪಕ್ಕದ ಮನೆ ಮಾವ ಫೋನ್ ಮಾಡಿ, ಇದು ರವಿವರ್ಮ ಸ್ವತಃ ಬರೆದದ್ದು, ಕೋಟಿ ಬಾಳುತ್ತದೆ, ಕೊಟ್ಟುಬಿಡಬೇಡಿ ಅಂದರು. ಮನೆಯಲ್ಲಿ ಈಗ ಎರಡು ಪಕ್ಷ ಆಗಿದೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ತಾನು ತಗೊಂಡು ಹೋಗುತ್ತೇನೆ ಅಂತಿದ್ದಾನೆ.

ನನಗೆ ಬೇಕಾದ್ದು ಇಷ್ಟು: ಇದು ಏನು, ಯಾವಾಗಿನದು, ನಿಜವಾದ ಬೆಲೆ ತಿಳಿಯುವ ದಾರಿ ಯಾವುದು. ಗೊತ್ತಿದ್ದವರು ಹೇಳಿ.

ದೇವಿಮನೆ ಘಟ್ಟ

ಇಂಥ ಪಟ ನಮ್ಮ ಸೀಮೆಯಲ್ಲಿ ಮನೆಗೊಂದು ಇತ್ತು. ಐನೂರಕ್ಕೆ ಕೊಡಬೇಡಿ, ಆದರೆ ಇದೊಂದರ ಸಲುವಾಗಿ ಅಣ್ಣತಮ್ಮಂದಿರು ಮಾತು ಬಿಡುವುದೂ ಬೇಡ. ಎರಡು ಮೂರು ಕಡೆ ಕೇಳಿ, ಜಾಸ್ತಿ ಕೊಡುವವರಿಗೆ ಕೊಟ್ಟು, ದುಡ್ಡು ಹಂಚಿಕೊಂಡುಬಿಡಿ.

ಹಳೇ ಅಚ್ಚುಮನೆ

ತಂಗಿ, ಮೊದಲ ಮಾತು. ಕಟ್ಟು ಬಿಚ್ಚಬೇಡಿ. ಒದ್ದೆ ಬಟ್ಟೆಯಿಂದ ಒರೆಸಬೇಡಿ. ಗೋಡೆಯಿಂದ ಇಳಿಸಿದ್ದರೆ ಮುಖ ಮೇಲೆ ಮಾಡಿ ಮಂಚದ ಮೇಲೆ ಇಡಿ. ಮಿಕ್ಕಿದ್ದು ಆಮೇಲೆ.

ನಾನು ಕುಮಟೆಯವ. ಚಿಕ್ಕವನಿದ್ದಾಗಿಂದ ಮುದ್ರಣದಲ್ಲೇ ಇದ್ದವನು, ಅಚ್ಚುಮೊಳೆ ಜೋಡಿಸುವ ಕಾಲದಿಂದ ಆಫ್‌ಸೆಟ್ ತನಕ. ಕಲ್ಲಚ್ಚಿನ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕಿದ, ಪಟಗಳ ಮೇಲೆ ನನಗೆ ತುಂಬಾ ಪ್ರೀತಿ. ಯಾರಾದರೂ ಹೀಗೆ ಕೇಳಿದರೆ ಸುಮ್ನೆ ಇರಲು ಆಗುವುದಿಲ್ಲ.

ನಿಮ್ಮ ಪಕ್ಕದ ಮನೆಯವರ ಮಾತು ಒಂದು, ಕಂಬದ ವ್ಯಾಪಾರಿಯ ಮಾತು ಇನ್ನೊಂದು. ಎರಡನ್ನೂ ಬದಿಗಿಡಿ. ರವಿವರ್ಮ ಕೈಯಾರೆ ಬರೆದ ತೈಲಚಿತ್ರ ಬೇರೆ, ಆ ಚಿತ್ರ ನೋಡಿ ಕಲ್ಲಿನಿಂದ ಅಚ್ಚು ಹಾಕಿದ ಪಟ ಬೇರೆ. ಕೋಟಿ ಬಾಳುವುದು ಮೊದಲನೆಯದು. ಅದು ಕ್ಯಾನ್‌ವಾಸ್ ಬಟ್ಟೆಯ ಮೇಲೆ ಇರುತ್ತದೆ, ಹೆಚ್ಚಾಗಿ ಅರಮನೆಗಳಲ್ಲಿ, ಮ್ಯೂಸಿಯಮ್ಮುಗಳಲ್ಲಿ ಇದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನೀವೇ ನೋಡಿರಬಹುದು. ನಮ್ಮ ಕಡೆ ಜಗಲಿಗಳಲ್ಲಿ ಇರುವುದು ಎರಡನೆಯದು, ಕಾಗದದ ಮೇಲಿನ ಅಚ್ಚು.

ಆದರೆ ಅಚ್ಚು ಅಂದ ಕೂಡಲೇ ಅಗ್ಗ ಅಂತ ತಿಳಿಯಬೇಡಿ. ರವಿವರ್ಮ 1894ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಪ್ರೆಸ್ ಹಾಕಿದರು. ಯಂತ್ರ ಜರ್ಮನಿಯಿಂದ ಬಂತು, ಕೆಲಸ ಗೊತ್ತಿದ್ದವರೂ ಜರ್ಮನಿಯಿಂದ ಬಂದರು. ಮೊದಲು ಅಚ್ಚಾದದ್ದು ಶಕುಂತಲೆಯ ಜನನದ ಚಿತ್ರ. ಆಮೇಲೆ ಮುಂಬಯಿಯಲ್ಲಿ ಪ್ಲೇಗು ಬಂತು, ಪ್ರೆಸ್ಸು ಊರು ಬಿಟ್ಟು ಲೋಣಾವಳ ಹತ್ತಿರದ ಮಳವ್ಲಿಗೆ ಹೋಯಿತು. 20ನೆಯ ಶತಮಾನದ ಶುರುವಿನಲ್ಲಿ ಅದನ್ನು ಫ್ರಿಟ್ಜ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞ ಕೊಂಡರು. 1906ರಲ್ಲಿ ರವಿವರ್ಮ ತೀರಿಕೊಂಡರು. ಪ್ರೆಸ್ಸು ಮಾತ್ರ ಅದೇ ಹೆಸರಿನಲ್ಲಿ ಮುಂದೆ ಎಷ್ಟೋ ದಶಕ ನಡೆಯಿತು. ಹಾಗಾಗಿ "ರವಿವರ್ಮಾ ಪ್ರೆಸ್" ಅಂತ ಬರೆದಿದ್ದರೂ ಅವರು ಬದುಕಿದ್ದಾಗಿನ ಅಚ್ಚು ಅಂತ ಹೇಳಲು ಬರುವುದಿಲ್ಲ. ಅದರಲ್ಲಿ ಬೇರೆ ಚಿತ್ರಕಾರರ ಚಿತ್ರಗಳೂ ಅಚ್ಚಾಗಿವೆ, ಧುರಂಧರ ಅವರದ್ದು ಸಹ.

ಈಗ ನೀವು ಮಾಡಬೇಕಾದ್ದು. ಪಟದ ಕೆಳಗಿನ ಅಂಚನ್ನು ಗಾಜಿನ ಮೇಲಿಂದಲೇ ಟಾರ್ಚು ಓರೆಯಾಗಿ ಹಿಡಿದು ನೋಡಿ. ಸಣ್ಣ ಅಕ್ಷರ ಏನಾದರೂ ಇದೆಯಾ? ಎಡ ಮೂಲೆ, ಬಲ ಮೂಲೆ, ನಡುವೆ, ಮೂರೂ ಕಡೆ ನೋಡಿ. ಕಟ್ಟಿನ ಮರದ ಕೆಳಗೆ ಅರ್ಧ ಅಕ್ಷರ ಅಡಗಿರುತ್ತದೆ, ಅದನ್ನೂ ಬಿಡಬೇಡಿ. ಕಂಡದ್ದನ್ನು ಇದ್ದ ಹಾಗೇ ಇಲ್ಲಿ ಬರೆಯಿರಿ.

ಕಾಳಿ ಕಿನಾರೆ

ಕಾರವಾರದಿಂದ. ದೊಡ್ಡಪ್ಪನ ಮಾತು ನಿಜ ಇರಬಹುದು. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನ ಕೈಯಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. 1956ರಲ್ಲಿ ಮೈಸೂರು ರಾಜ್ಯ ಸೇರುವ ತನಕ ಕೋರ್ಟು, ವ್ಯಾಪಾರ, ಓದು ಎಲ್ಲದಕ್ಕೂ ನಮಗೆ ಮುಂಬಯಿಯೇ. ಘಟ್ಟದ ಮೇಲಿನ ಅಡಿಕೆ, ಏಲಕ್ಕಿ, ಮೆಣಸು ಗಾಡಿಯಲ್ಲಿ ಕುಮಟೆಗೆ ಇಳಿದು ಹಡಗು ಹತ್ತುತ್ತಿತ್ತು. ಹೋದ ಹಡಗು ಬರುವಾಗ ಖಾಲಿ ಬರುವುದಿಲ್ಲವಲ್ಲ. ಬಟ್ಟೆ, ಗಾಜು, ಗಡಿಯಾರ, ದೇವರ ಪಟ. ಘಟ್ಟದ ಕೆಳಗೂ ಮೇಲೂ ಮುಂಬಯಿ ಪುಣೆಯ ಪಟಗಳು ಇಷ್ಟು ಕಾಣುವುದು ಅದಕ್ಕೇ. ಪುಣೆಯ ಚಿತ್ರಶಾಳಾ ಪ್ರೆಸ್ಸಿನವೂ ಇವೆ. ಅದು 1878ರಲ್ಲೇ ಶುರುವಾದದ್ದು, ರವಿವರ್ಮಾ ಪ್ರೆಸ್ಸಿಗಿಂತ ಮೊದಲು.

ಇದೇ ಜಾಗದಲ್ಲಿ ನನ್ನದೂ ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಕಟ್ಟು ಹಾಕಿದ ಒಂದು ಇಂಗ್ಲಿಷ್ ಚಿತ್ರ ಇದೆ, ಬಂದರು, ಹಡಗು, ತಾಳೆ ಮರ. ಗೆರೆ ಗೆರೆಯಾಗಿ ಕೆತ್ತಿದ ಹಾಗಿದೆ, ಮೇಲೆ ಬಣ್ಣ ಬಳಿದಿದ್ದಾರೆ. ನೋಡಿದವರೆಲ್ಲ ಇನ್ನೂರು ವರ್ಷ ಹಳೇದು ಅಂತಾರೆ. ಇದರ ಹಿಂದೆ ಏನು ನೋಡಬೇಕು?

ಹಳೇ ಅಚ್ಚುಮನೆ

ಕಾರವಾರದವರಿಗೆ: ಹಿಂದಿನ ಹಲಗೆ ಸಡಿಲ ಇದ್ದರೆ ಕಾಗದದ ಬೆನ್ನು ನೋಡಿ. ಅಲ್ಲಿ ಇಂಗ್ಲಿಷ್ ಸುದ್ದಿ ಅಚ್ಚಾಗಿದ್ದರೆ ಅದು ಪತ್ರಿಕೆಯಿಂದ ಕತ್ತರಿಸಿದ ಹಾಳೆ. ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ 1842ರಲ್ಲಿ ಶುರುವಾಯಿತು, ಅದರಲ್ಲಿ ಇಂಥ ಮರಗೆತ್ತನೆಯ ಚಿತ್ರ ವಾರ ವಾರ ಬರುತ್ತಿತ್ತು. ಅದನ್ನು ಕತ್ತರಿಸಿ, ಬಣ್ಣ ಬಳಿದು, ಕಟ್ಟು ಹಾಕಿ ಮಾರುವ ರೂಢಿ ಇದೆ. ಬಣ್ಣ ಆಮೇಲಿನದು. ಬೆನ್ನು ಖಾಲಿ ಇದ್ದು, ಚಿತ್ರದ ಸುತ್ತ ಕಾಗದ ಚೌಕಾಕಾರದಲ್ಲಿ ಒಳಗೆ ಒತ್ತಿದ ಹಾಗಿದ್ದರೆ ಅದು ತಾಮ್ರ ಅಥವಾ ಉಕ್ಕಿನ ತಗಡಿನಿಂದ ಒತ್ತಿದ ಅಚ್ಚು ಇರಬಹುದು. ಬೆರಳಿನಿಂದ ಮುಟ್ಟಿ ನೋಡುವುದಲ್ಲ, ಓರೆ ಬೆಳಕಿನಲ್ಲಿ ನೋಡುವುದು.

ಮೇಲಿನಮನೆ ಶಿರಸಿ

ನೋಡಿದೆ. ಕೆಳಗೆ ಬಲ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಸಣ್ಣಗೆ "ರವಿವರ್ಮಾ ಪ್ರೆಸ್" ಅಂತ ಇದೆ. ಮುಂದಿನದು ಅರ್ಧ ಕಟ್ಟಿನ ಕೆಳಗೆ ಹೋಗಿದೆ, "ಮಳವ್" ತನಕ ಕಾಣುತ್ತದೆ. ನಮ್ಮ ತಮ್ಮ ಅದು ಮಂಡ್ಯದ ಮಳವಳ್ಳಿ ಅಂತ ವಾದ ಮಾಡುತ್ತಿದ್ದ, ನಿಮ್ಮ ಪೋಸ್ಟು ತೋರಿಸಿದೆ. ನಡುವೆ ದೇವನಾಗರಿಯಲ್ಲಿ "ಸರಸ್ವತೀ". ಎಡಗಡೆ ಒಂದು ಅಂಕೆ ಇದ್ದ ಹಾಗಿದೆ, ಕಲೆ ಬಿದ್ದು ಓದಲು ಬರುವುದಿಲ್ಲ.

ಹಿಂದೆ ಮರದ ತೆಳು ಹಲಗೆಗಳು, ಅದರ ಮೇಲೆ ಪೇಪರು ಅಂಟಿಸಿದ್ದಾರೆ. ಮರಾಠಿ ಪೇಪರು. ಹರಿದಿದೆ, ತಾರೀಖು ಇಲ್ಲ. ಒಂದು ಮೂಲೆಯಲ್ಲಿ ಕನ್ನಡ ಪೇಪರಿನ ತುಂಡು ಬೇರೆ ಅಂಟಿದೆ, ಅದರಲ್ಲಿ "ಸಂಯುಕ್ತ" ಅಂತ ಅರ್ಧ ಹೆಸರು.

ಗೋಡೆಪಟ

ಹೊನ್ನಾವರದವನು, ಈಗ ಹುಬ್ಬಳ್ಳಿಯಲ್ಲಿದ್ದೇನೆ, ಹಳೇ ಪಟ ಕೂಡಿಡುವ ಹುಚ್ಚು ನನಗಿದೆ. ಒಳ್ಳೇ ಸುದ್ದಿ ಇದು. ಮಳವ್ಲಿ ಅಂತ ಇದ್ದರೆ ಗಿರಗಾಂವದ ಮೊದಲ ಕಾಲದ್ದಲ್ಲ, ಜಾಗ ಬದಲಾದ ಮೇಲಿನದು. ಅಲ್ಲಿಂದ ಮುಂದೆ ಎಷ್ಟು ವರ್ಷ ಅನ್ನುವುದನ್ನು ಬೇರೆ ಗುರುತುಗಳಿಂದ ಹಿಡಿಯಬೇಕು.

ಪೇಪರಿನ ವಿಷಯ ಎಚ್ಚರ. "ಸಂಯುಕ್ತ ಕರ್ನಾಟಕ" ಶುರುವಾದದ್ದು 1933ರಲ್ಲಿ, ಬೆಳಗಾವಿಯಲ್ಲಿ. ಆ ತುಂಡು ಅದರದ್ದೇ ಆದರೆ, 1933ರ ನಂತರ ಯಾರೋ ಹಿಂಬದಿ ಮುಟ್ಟಿದ್ದಾರೆ ಅಂತ ಗೊತ್ತಾಗುತ್ತದೆ, ಅಷ್ಟೇ. ಪಟ ಅದಕ್ಕಿಂತ ಹಳೇದಿರಬಹುದು. ಬೆನ್ನಿನ ಪೇಪರು ಕಟ್ಟು ಹಾಕಿದ ಅಥವಾ ರಿಪೇರಿ ಮಾಡಿದ ಕಾಲ ಹೇಳುತ್ತದೆ, ಅಚ್ಚಿನ ಕಾಲ ಹೇಳುವುದಿಲ್ಲ. ಬಹಳ ಜನ ಇಲ್ಲಿ ದಾರಿ ತಪ್ಪುತ್ತಾರೆ. ಮರಾಠಿ ಪೇಪರಿನ ಮೇಲೆ ಕನ್ನಡ ತುಂಡು ಇದೆಯೋ, ಕನ್ನಡದ ಮೇಲೆ ಮರಾಠಿ ಇದೆಯೋ ನೋಡಿ. ಯಾವುದು ಅಡಿಗಿದೆಯೋ ಅದು ಮೊದಲು.

ಹೀಗೇ ಬೇರೆ ಪಟಗಳಿಗೂ ಗುರುತು ಇವೆ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ನಂತರದ್ದು, ಯಾಕಂದರೆ ಪಿನ್‌ಕೋಡ್ ಶುರುವಾದದ್ದೇ ಆಗ. ಬೆಲೆ "ನಯಾ ಪೈಸೆ"ಯಲ್ಲಿ ಇದ್ದರೆ 1957ರ ನಂತರ. "ಪ್ರಿಂಟೆಡ್ ಇನ್ ಜರ್ಮನಿ" ಅಂತ ಇದ್ದರೆ ಅದು ಅಲ್ಲಿಂದಲೇ ಅಚ್ಚಾಗಿ ಬಂದ ದೇವರ ಪಟ, ಅಂಥವೂ ನಮ್ಮ ಕರಾವಳಿಯಲ್ಲಿ ಕಾಣಸಿಗುತ್ತವೆ. ಕೆಲವದರ ಕೆಳಗೆ ಸಾಬೂನು ಕಂಪನಿಯ, ಗ್ರೈಪ್ ವಾಟರಿನ ಹೆಸರು ಇರುತ್ತದೆ. ಕ್ಯಾಲೆಂಡರಿಗೆ ಅಂತ ಅಚ್ಚಾದವು ಅವು. ಅವಕ್ಕೂ ಬೇಡಿಕೆ ಇದೆ, ಜಾಹೀರಾತು ಅಂತ ಕತ್ತರಿಸಿ ಬಿಸಾಡಬೇಡಿ.

ಹಳೇ ಅಚ್ಚುಮನೆ

ಈಗ ಮುಖ್ಯ ಪರೀಕ್ಷೆ. ಹೆಸರು ಇದೆ ಅಂದ ಮಾತ್ರಕ್ಕೆ ನಂಬಬೇಡಿ, ಹೆಸರನ್ನೂ ಸೇರಿಸಿಯೇ ನಕಲು ತೆಗೆಯುತ್ತಾರೆ. ಹಳೇ ಕಟ್ಟಿನಲ್ಲಿ ಹೊಸ ಅಚ್ಚು ಕೂರಿಸಿ, ಚಹಾ ಡಿಕಾಕ್ಷನ್ನಿನಲ್ಲಿ ಕಾಗದ ಕಂದು ಮಾಡಿ ಮಾರುವವರೂ ಇದ್ದಾರೆ. ನಿಮ್ಮದು ಮನೆಯ ಗೋಡೆಯಲ್ಲೇ ಇದ್ದದ್ದು, ಆ ಭಯ ಕಡಿಮೆ. ಆದರೂ ನೋಡುವುದು ಕಲಿತರೆ ಒಳ್ಳೆಯದು.

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ತನ್ನಿ, ಗಡಿಯಾರ ರಿಪೇರಿಯವರ ಹತ್ತಿರ ಇರುತ್ತದೆ. ಸರಸ್ವತಿಯ ಕೆನ್ನೆ ನೋಡಿ. ಈಗಿನ ಆಫ್‌ಸೆಟ್ ಆದರೆ ನೀಲಿ, ಗುಲಾಬಿ, ಹಳದಿ, ಕಪ್ಪು ಈ ನಾಲ್ಕೇ ಬಣ್ಣದ ಚುಕ್ಕಿಗಳು ಸಾಲು ಹಿಡಿದು, ಸಣ್ಣ ಸಣ್ಣ ಹೂವಿನ ವೃತ್ತದ ಹಾಗೆ ಒಂದೇ ಕ್ರಮದಲ್ಲಿ ಕಾಣುತ್ತವೆ. ಎಲ್ಲಿ ನೋಡಿದರೂ ಅದೇ ಕ್ರಮ. ಕಲ್ಲಚ್ಚಿನಲ್ಲಿ ಹಾಗಲ್ಲ. ಅಲ್ಲಿ ಚುಕ್ಕಿಗಳು ರವೆ ಚೆಲ್ಲಿದ ಹಾಗೆ ಇರುತ್ತವೆ, ಒಂದು ದೊಡ್ಡದು ಒಂದು ಸಣ್ಣದು, ಕೆಲವು ಕಡೆ ದಟ್ಟ, ಕೆಲವು ಕಡೆ ವಿರಳ. ಯಾಕಂದರೆ ಅವನ್ನು ಮನುಷ್ಯನ ಕೈ ಇಟ್ಟದ್ದು.

ಅದು ಹೇಗೆ ಅಂತ ಹೇಳದೆ ಮುಂದೆ ಹೋಗಲಾರೆ. ಬವೇರಿಯಾದ ಸೋಲ್ನ್‌ಹೋಫನ್ ಎಂಬಲ್ಲಿ ಸಿಗುವ ನುಣುಪಾದ ಸುಣ್ಣದ ಕಲ್ಲು ಇದಕ್ಕೆ ಹೆಸರುವಾಸಿ. ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಚಿತ್ರವನ್ನು ಎಡಬಲ ತಿರುಗಿಸಿ ಬರೆಯಬೇಕು. ಆಮೇಲೆ ಕಲ್ಲಿಗೆ ನೀರು ಹಚ್ಚುತ್ತಾರೆ. ಜಿಡ್ಡು ಇದ್ದಲ್ಲಿ ನೀರು ನಿಲ್ಲುವುದಿಲ್ಲ, ನೀರು ಇದ್ದಲ್ಲಿ ಅಚ್ಚಿನ ಮಸಿ ಹಿಡಿಯುವುದಿಲ್ಲ. ಕೆತ್ತನೆ ಇಲ್ಲ, ಮೊಳೆ ಇಲ್ಲ, ಎಣ್ಣೆ ನೀರಿನ ವೈರದಿಂದಲೇ ಚಿತ್ರ ಏಳುತ್ತದೆ. ಒಂದು ಬಣ್ಣಕ್ಕೆ ಒಂದು ಕಲ್ಲು. ಕೆನ್ನೆಯ ತೆಳು ಗುಲಾಬಿಗೆ ಒಂದು, ಸೀರೆಯ ನೆರಳಿಗೆ ಒಂದು, ನವಿಲಿನ ನೀಲಿಗೆ ಒಂದು. ಒಳ್ಳೇ ಪಟಕ್ಕೆ ಹತ್ತು, ಅದಕ್ಕಿಂತ ಜಾಸ್ತಿ ಕಲ್ಲು ಬೇಕಾಗುತ್ತಿತ್ತು. ಅದೇ ಹಾಳೆ ಪ್ರತಿ ಕಲ್ಲಿನ ಮೇಲೂ ಕೂದಲೆಳೆ ಆಚೀಚೆ ಆಗದೆ ಕೂರಬೇಕು. ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ, ಗೊತ್ತಲ್ಲ. ತುಟಿಯ ಕೆಂಪು ತುಟಿಯಿಂದ ಸ್ವಲ್ಪ ಸರಿದಿದ್ದರೆ ಅದು ಕಾರ್ಮಿಕನ ಗುರುತು, ನನಗೆ ಅಂಥದ್ದು ಕಂಡರೆ ಖುಷಿ. ಆ ಕಲ್ಲಿನ ಮೇಲೆ ಚುಕ್ಕಿ ಇಟ್ಟವರ ಹೆಸರು ಯಾವ ಪಟದ ಅಂಚಿನಲ್ಲೂ ನನಗೆ ಕಂಡಿಲ್ಲ. ಬೆಲೆ ಮಾತಾಡುವಾಗ ಎಲ್ಲರೂ ರವಿವರ್ಮ ಅನ್ನುತ್ತಾರೆ, ಈ ಕೆಲಸಗಾರರನ್ನು ನೆನೆಯುವುದಿಲ್ಲ.

ಮತ್ತೆ ಪರೀಕ್ಷೆಗೆ. ಕೆಳಗಿನ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ. ಅಸಲಿನಲ್ಲಿ ಅಕ್ಷರ ಒಂದೇ ಮಸಿ, ತುಂಬಿದ ಬಣ್ಣ, ಅಂಚು ಸ್ವಚ್ಛ. ಪಟದ ಫೋಟೋ ತೆಗೆದು ಅಚ್ಚು ಹಾಕಿದ ನಕಲಿನಲ್ಲಿ ಅಕ್ಷರವೂ ಚುಕ್ಕಿಗಳಿಂದಲೇ ಆಗಿರುತ್ತದೆ. ಇಷ್ಟು ನೋಡಿದರೆ ಮುಕ್ಕಾಲು ಅನುಮಾನ ಹೋಗುತ್ತದೆ.

ಇನ್ನೊಂದು ಇದೆ. ಅಂಗಡಿಗಳಲ್ಲಿ ನೋಟು ಪರೀಕ್ಷೆ ಮಾಡುವ ನೇರಳೆ ಬೆಳಕಿನ ಟಾರ್ಚು. ಸುಮಾರು 1950ರಿಂದ ಈಚಿನ ಬಹಳಷ್ಟು ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸುತ್ತಾರೆ. ಕತ್ತಲೆಯಲ್ಲಿ ಆ ಟಾರ್ಚು ಬಿಟ್ಟರೆ ಅಂಥ ಕಾಗದ ನೀಲಿ ಬಿಳುಪಾಗಿ ಹೊಳೆಯುತ್ತದೆ. ಹಳೇ ಕಾಗದ ಮಂಕಾಗಿಯೇ ಇರುತ್ತದೆ. ಗಾಜು ಅಡ್ಡ ಇದ್ದರೆ ಸರಿ ಗೊತ್ತಾಗುವುದಿಲ್ಲ, ಅದು ಕಟ್ಟು ಬಿಚ್ಚುವ ದಿನ ಮಾಡಿ.

ಅಂಕೋಲಾ ಅಕ್ಕ

ನಮ್ಮ ತವರಿನಲ್ಲಿ ಒಂದು ಲಕ್ಷ್ಮಿ ಪಟ ಇದೆ. ಅಜ್ಜಿ ಅದರ ಸೀರೆಯ ಜಾಗಕ್ಕೆ ನಿಜವಾದ ರೇಷ್ಮೆ ಚೂರು ಅಂಟಿಸಿ, ಜರಿ ಹೊಲಿದು, ಒಡವೆ ಇದ್ದಲ್ಲೆಲ್ಲ ಮಿಣುಕು ಮಣಿ ಕೂರಿಸಿದ್ದಾರೆ. ಅಣ್ಣ ಹೇಳುತ್ತಾನೆ, ಇದರಿಂದ ಪಟ ಹಾಳಾಗಿದೆ, ಬಿಸಿನೀರಿನ ಹಬೆ ಹಿಡಿದು ತೆಗೆಸೋಣ ಅಂತ. ತೆಗೆಸಿದರೆ ಬೆಲೆ ಜಾಸ್ತಿ ಆಗುತ್ತದಾ?

ಗೋಡೆಪಟ

ಅಕ್ಕ, ದಯವಿಟ್ಟು ತೆಗೆಸಬೇಡಿ! ಆ ಕಾಲದಲ್ಲಿ ಪಟಕ್ಕೆ ಹೀಗೆ ಸೀರೆ ಉಡಿಸಿ ಜರಿ ಕೂರಿಸುವ ರೂಢಿಯೇ ಇತ್ತು, ದೇಶದ ಬೇರೆ ಬೇರೆ ಕಡೆಯೂ ಇತ್ತು. ಈಗ ಅಂಥವನ್ನೇ ಹುಡುಕಿಕೊಂಡು ಬಂದು ಕೊಳ್ಳುವವರಿದ್ದಾರೆ. ಒಂದೇ ಅಚ್ಚಿನ ಸಾವಿರ ಲಕ್ಷ್ಮಿಯರಿದ್ದರೂ ನಿಮ್ಮ ಅಜ್ಜಿ ಉಡಿಸಿದ್ದು ಒಂದೇ. ಹಬೆ ಹಿಡಿದರೆ ಅಂಟೂ ಬಿಡುತ್ತದೆ, ಬಣ್ಣವೂ ಹೋಗುತ್ತದೆ, ಉಳಿಯುವುದು ಹರಿದ ಕಾಗದ.

ಅಂಕೋಲಾ ಅಕ್ಕ

ಅಣ್ಣನಿಗೆ ಓದಿ ಹೇಳಿದೆ. ಒಪ್ಪಿದ್ದಾನೆ.

ಕಾಗದದ ಆರೈಕೆ

ನಾನು ಹಳೇ ದಾಖಲೆ, ಪಟಗಳ ಸಂರಕ್ಷಣೆ ಕೆಲಸ ಮಾಡುತ್ತೇನೆ, ಊರು ಸಿದ್ದಾಪುರ. ಅಚ್ಚುಮನೆಯವರು ಕಟ್ಟು ಬಿಚ್ಚಬೇಡಿ ಅಂದದ್ದು ಸರಿ. ಕಾರಣ ಹೇಳುತ್ತೇನೆ.

ನಮ್ಮ ಕಡೆ ಮಳೆಗಾಲದ ತಂಡಿಗೆ ಪಟ ಗಾಜಿಗೆ ಅಂಟಿಕೊಂಡಿರುತ್ತದೆ. ಹಲಗೆ ತೆಗೆದು ಪಟ ಎಳೆದರೆ ಮುಖದ ಬಣ್ಣ ಗಾಜಿನ ಮೇಲೇ ಉಳಿಯುತ್ತದೆ. ಅಂಟಿದೆಯೋ ಇಲ್ಲವೋ ಗೊತ್ತಾಗಲು ಓರೆಯಿಂದ ನೋಡಿ. ಗಾಜಿಗೆ ತಾಗಿದಲ್ಲಿ ಬಣ್ಣ ಒದ್ದೆಯಾದ ಹಾಗೆ ಕಪ್ಪಾಗಿ, ಹೊಳಪಾಗಿ ಕಾಣುತ್ತದೆ. ಹಾಗಿದ್ದರೆ ಮುಟ್ಟಲೇಬೇಡಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ, ಅಂಥವರ ಕೈಗೇ ಕೊಡಬೇಕು.

ಹಿಂದಿನ ಮರದ ಹಲಗೆ ಇನ್ನೊಂದು ಶತ್ರು. ಮರದ ಹುಳಿ, ಅಂದರೆ ಆಮ್ಲ, ಕಾಗದಕ್ಕೆ ಇಳಿಯುತ್ತದೆ. ಎರಡು ಹಲಗೆ ಸೇರುವ ಸಂದಿಯ ಗೆರೆ ಪಟದ ಮೇಲೆ ಕಂದು ಪಟ್ಟೆಯಾಗಿ ಮೂಡಿರುತ್ತದೆ, ನೀವು ಅದನ್ನು ಕೊಳೆ ಅಂದುಕೊಳ್ಳುತ್ತೀರಿ. ಅದು ಒರೆಸಿದರೆ ಹೋಗುವುದಲ್ಲ. ಹೊಗೆಯ ಮಸಿ, ದೀಪದ ಎಣ್ಣೆ ಜಿಡ್ಡು ಇವೂ ಹಾಗೇ. ಆಲೂಗಡ್ಡೆ, ಬ್ರೆಡ್ಡು ಉಜ್ಜಿ ಎಂದು ವಿಡಿಯೋ ಮಾಡುವವರ ಮಾತು ಕೇಳಬೇಡಿ. ಕಾಗದದ ಎಳೆಯೊಳಗೆ ತಿಂಡಿಯ ಚೂರು ಸೇರಿದರೆ ಹುಳಕ್ಕೆ ಹಬ್ಬ.

ಸದ್ಯಕ್ಕೆ ಮಾಡಬೇಕಾದ್ದು ಕಡಿಮೆ. ಗೋಡೆಗೆ ತಾಗಿಸದೆ ಗಾಳಿ ಆಡುವ ಕಡೆ ಇಡಿ, ಬಿಸಿಲು ಬೀಳಬಾರದು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಒಳಗೇ ತಂಡಿ ಕೂತು ಬೂಷ್ಟು ಹಿಡಿಯುತ್ತದೆ, ಹಳೇ ಹತ್ತಿ ಪಂಚೆ ಸಾಕು. ಮುಂದೆ ಕಟ್ಟು ಬಿಚ್ಚಿಸುವ ದಿನ ಬಂದರೆ ಹುಳಿ ಇಲ್ಲದ ರಟ್ಟು ಹಾಕಿಸಿ, ಗಾಜಿಗೂ ಪಟಕ್ಕೂ ನಡುವೆ ಸ್ವಲ್ಪ ಸಂದು ಬಿಡಿಸಿ. ಅಂಚು ಕತ್ತರಿಸಿ ಕಟ್ಟಿಗೆ ಸರಿ ಹೊಂದಿಸುತ್ತೇವೆ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಪ್ರೆಸ್ಸಿನ ಹೆಸರು ಇರುವುದೇ ಅಂಚಿನಲ್ಲಿ.

ದೇವಿಮನೆ ಘಟ್ಟ

ಎಲ್ಲ ಸರಿ ಮಾರಾಯ್ರೇ, ಬೆಲೆ ಎಷ್ಟು? ಅದನ್ನು ಯಾರೂ ಹೇಳುತ್ತಿಲ್ಲ.

ಗೋಡೆಪಟ

ಪಟ ನೋಡದೆ ಅಂಕೆ ಹೇಳುವವರನ್ನು ನಂಬಬೇಡಿ, ನಾನೂ ಹೇಳುವುದಿಲ್ಲ. ಆದರೆ ಬೆಲೆ ಎಲ್ಲಿಂದ ಹುಟ್ಟುತ್ತದೆ ಅಂತ ಹೇಳಬಲ್ಲೆ.

ಸರಸ್ವತಿ, ಲಕ್ಷ್ಮಿ ಈ ಪ್ರೆಸ್ಸಿನ ಅತಿ ಜನಪ್ರಿಯ ಪಟಗಳು. ಮತ್ತೆ ಮತ್ತೆ ಅಚ್ಚಾದವು, ಮನೆ ಮನೆಗೆ ಹೋದವು. ಹಾಗಾಗಿ ಅಪರೂಪ ಅಲ್ಲ. ಜನ ಕಡಿಮೆ ಕೊಂಡ ಪುರಾಣದ ಪ್ರಸಂಗ, ಕಡಿಮೆ ಅಚ್ಚಾದ ಚಿತ್ರ, ಅವಕ್ಕೆ ಬೆಲೆ ಜಾಸ್ತಿ. ಗಿರಗಾಂವದ ಹೆಸರು ಇದ್ದರೆ ಇನ್ನೂ ಜಾಸ್ತಿ. ಅಂಚು ಪೂರ್ತಿ ಇದೆಯಾ, ಬಣ್ಣ ಬಿಸಿಲಿಗೆ ಮಾಸಿದೆಯಾ, ಹುಳ ತಿಂದಿದೆಯಾ, ಮುಖದ ಮೇಲೆ ಕಲೆ ಇದೆಯಾ. ಆಕಾಶದ ಮೇಲಿನ ಕಲೆ ಕೊಳ್ಳುವವ ಕ್ಷಮಿಸುತ್ತಾನೆ, ಕಣ್ಣಿನ ಮೇಲಿನ ಕಲೆ ಕ್ಷಮಿಸುವುದಿಲ್ಲ.

ಬೆಲೆ ನೋಡಲು ದಾರಿ: ಸ್ಯಾಫ್ರನ್‌ಆರ್ಟ್, ಪುಂಡೋಲೆಸ್, ಆಸ್ಟಾಗುರು ಇಂಥ ಮುಂಬಯಿಯ ಹರಾಜು ಸಂಸ್ಥೆಗಳು ಹಿಂದಿನ ಹರಾಜಿನ ಫಲಿತಾಂಶಗಳನ್ನು ತಮ್ಮ ತಾಣದಲ್ಲಿ ಇಡುತ್ತವೆ. ಅಲ್ಲಿ ನಿಮ್ಮದೇ ವಿಷಯ, ನಿಮ್ಮದೇ ಅಳತೆ, ನಿಮ್ಮದೇ ಪ್ರೆಸ್ಸಿನ ಹೆಸರಿರುವ ಕಲ್ಲಚ್ಚು ಹುಡುಕಿ. ತೈಲಚಿತ್ರದ ಬೆಲೆ ನೋಡಿ ತಲೆ ತಿರುಗಿಸಿಕೊಳ್ಳಬೇಡಿ. ಆನ್‌ಲೈನ್ ಅಂಗಡಿಯಲ್ಲಿ ಕೇಳುವ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ಲಕ್ಷ ಅಂತ ಹಾಕಿ ವರ್ಷಗಟ್ಟಲೆ ಕೂತ ಪಟಗಳನ್ನು ನಾನು ನೋಡಿದ್ದೇನೆ. ಮಾರಾಟ ಆದ ಬೆಲೆಯೇ ಬೆಲೆ, ಅದರಲ್ಲೂ ಹರಾಜಿನವರ ಕಮಿಷನ್ ಹೋಗುತ್ತದೆ.

ಕಟ್ಟನ್ನು ಮರೆಯಬೇಡಿ. ಮೂಲೆಯಲ್ಲಿ ಬಳ್ಳಿ ಕೆತ್ತನೆ ಅಂದಿರಿ. ಶಿರಸಿ, ಕುಮಟಾ, ಹೊನ್ನಾವರ, ಸಾಗರ, ಸೊರಬದ ಕಡೆ ಗುಡಿಗಾರರ ಕೆಲಸ ಇದೆಯಲ್ಲ, ಗಂಧದ ಕೆತ್ತನೆಗೆ ಹೆಸರಾದವರು. ಅವರ ಕೈಯ ಕಟ್ಟು ಅಂತ ಗೊತ್ತಾದರೆ ಅದಕ್ಕೇ ಬೇರೆ ಬೆಲೆ. ಆ ವ್ಯಾಪಾರಿ ಐನೂರು ಅಂದದ್ದು ಪಟಕ್ಕೋ ಕಟ್ಟಿಗೋ? ಬೀಟೆಯೋ ಸಾಗವಾನಿಯೋ ಮರದ ಕೆಲಸ ಗೊತ್ತಿದ್ದವರಿಗೆ ತೋರಿಸಿ. ಗಾಜಿನಲ್ಲಿ ಅಲೆ ಕಾಣುವುದೂ ಹಳೇ ಗಾಜಿನ ಗುರುತು, ಬದಲಾಯಿಸಬೇಡಿ.

ಕಾಳಿ ಕಿನಾರೆ

ಅಮೆರಿಕಕ್ಕೆ ಒಯ್ಯುವ ಮಾತು ಬಂತಲ್ಲ, ಅದರ ಬಗ್ಗೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ಇದೆ. ನೂರು ವರ್ಷ ದಾಟಿದ ಕಲಾಕೃತಿ, ಕೈಕೆಲಸದ ವಸ್ತು ಆ ವ್ಯಾಖ್ಯೆಯಲ್ಲಿ ಬರುತ್ತದೆ, ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ರವಿವರ್ಮರ ಕೃತಿಗಳನ್ನು 1979ರಲ್ಲಿ ಕಲಾನಿಧಿ ಅಂತ ಬೇರೆಯಾಗಿಯೂ ಘೋಷಿಸಿದ್ದಾರೆ. ನಿಮ್ಮ ಪಟ ನೂರು ವರ್ಷದ ಆಚೆಯೋ ಈಚೆಯೋ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಪುರಾತತ್ವ ಸರ್ವೇಕ್ಷಣ ಇಲಾಖೆಯವರು ವಸ್ತು ನೋಡಿ, ಪ್ರಾಚ್ಯವಸ್ತು ಅಲ್ಲ ಎಂಬ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇದೆ. ಅದಿಲ್ಲದೆ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋದರೆ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರು ಹಿಡಿಯಬಹುದು. ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪಲ್ಲ, ಹೆದರಬೇಡಿ.

ನನ್ನ ಚಿತ್ರದ ಬೆನ್ನು ನೋಡಿದೆ. ಇಂಗ್ಲಿಷ್ ಸುದ್ದಿಯೇ ಇದೆ, ಮೂರು ಕಾಲಮ್ಮು. ಪತ್ರಿಕೆಯ ಹಾಳೆ ಅಂತ ಖಾತ್ರಿ ಆಯಿತು. ಆ ಸುದ್ದಿಯಲ್ಲಿ ಒಂದು ಯುದ್ಧದ ಮಾತಿದೆ, ಅದರಿಂದ ಸಂಚಿಕೆ ಹುಡುಕುತ್ತೇನೆ.

ಮೇಲಿನಮನೆ ಶಿರಸಿ

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಶಿರಸಿ ಪೇಟೆಯಿಂದ ಭೂತಗನ್ನಡಿ ತಂದು ನೋಡಿದೆ. ಕೆನ್ನೆಯಲ್ಲಿ ಸಾಲು ಇಲ್ಲ, ಚುಕ್ಕಿಗಳು ಹೇಗೆ ಬೇಕೋ ಹಾಗೆ ಇವೆ, ಗುಲಾಬಿಯಲ್ಲೇ ಎರಡು ಬಗೆ ಇದೆ. ಅಕ್ಷರದ ಅಂಚು ಸ್ವಚ್ಛ. ಬಲಗೈ ಬಳೆಯ ಹಳದಿ ಬಳೆಯಿಂದ ಆಚೆ ಸ್ವಲ್ಪ ಚಾಚಿದೆ. ಅಚ್ಚುಮನೆಯವರೇ, ನಿಮ್ಮನ್ನು ನೆನೆಸಿಕೊಂಡೆ. ಇಷ್ಟು ವರ್ಷ ಕೈ ಮುಗಿದ ಪಟದಲ್ಲಿ ಇಷ್ಟೊಂದು ಕೆಲಸ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಪೇಪರಿನ ಪದರ ನೋಡಿದೆ. ಮರಾಠಿ ಪೇಪರು ಕೆಳಗೆ, ಕನ್ನಡ ತುಂಡು ಮೇಲೆ. ಹಾಗಾದರೆ ಕಟ್ಟು ಮೊದಲು ಹಾಕಿದ್ದು ಮರಾಠಿ ಪೇಪರಿನ ಕಾಲದಲ್ಲಿ, ಆಮೇಲೆ ಯಾರೋ ಮೂಲೆಗೆ ತೇಪೆ ಹಾಕಿದ್ದಾರೆ. ಇದನ್ನು ಆಯಿಗೆ ಹೇಳಿದೆ. ಆಗ ಅವಳಿಗೆ ನೆನಪಾಯಿತು, ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಪಟ ಬಿದ್ದು ಮೂಲೆ ಬಿಟ್ಟಿತ್ತಂತೆ, ಹುಬ್ಬಳ್ಳಿಗೆ ಒಯ್ದು ಸರಿ ಮಾಡಿಸಿದರಂತೆ. ದೊಡ್ಡಪ್ಪನ ಮುಂಬಯಿ, ಆಯಿಯ ಹುಬ್ಬಳ್ಳಿ, ಎರಡೂ ಸರಿ ಇರಬಹುದು. ಇಬ್ಬರ ಮಾತನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ, ಮುತ್ತಜ್ಜನ ಹೆಸರು, ಊರು ಎಲ್ಲ ಹೇಳಿಸಿದ್ದೇನೆ.

ಮನೆಯಲ್ಲಿ ಆದ ತೀರ್ಮಾನ: ಕಂಬದವರಿಗೆ ಪಟ ಇಲ್ಲ ಅಂದದ್ದಾಯಿತು. ಚಿಕ್ಕಪ್ಪನ ಮಗನಿಗೆ ಕಾಯ್ದೆ ತಿಳಿಸಿದೆ, ಅವನು ದೊಡ್ಡ ಫೋಟೋ ಸಾಕು ಅಂದ. ಮಳೆಗಾಲ ಕಳೆಯುವ ತನಕ ಪಟ ದೊಡ್ಡಪ್ಪನ ಮನೆಯಲ್ಲಿ. ಆಮೇಲೆ ಬೆಂಗಳೂರಿಗೆ ಒಯ್ದು ಕಟ್ಟು ಬಿಚ್ಚಿಸಿ, ಅಂಚಿನ ಪೂರ್ತಿ ಅಕ್ಷರ ನೋಡಿ, ಬೆಲೆ ಬರೆಸುವುದು. ಯಾರು ಇಟ್ಟುಕೊಳ್ಳುತ್ತಾರೋ ಅವರು ಉಳಿದ ಪಾಲುದಾರರಿಗೆ ಆ ಬೆಲೆಯ ಪಾಲು ಕೊಡುವುದು. ನಾನೇ ಇಟ್ಟುಕೊಳ್ಳಬೇಕು ಅಂತ ನನಗೆ ಆಸೆ ಇದೆ, ಹೇಳಿಯೂ ಆಗಿದೆ.

ಒಂದು ಕೇಳಿಕೆ. ಜಿಲ್ಲೆಯಲ್ಲಿ ಯಾರ ಮನೆಯಲ್ಲಿ ಇಂಥ ಪಟ ಇದ್ದರೂ ಕೆಳಗಿನ ಅಂಚಿನ ಬರಹವನ್ನು ಇದ್ದ ಹಾಗೆ ಇಲ್ಲಿ ಹಾಕುತ್ತೀರಾ? ಊರು, ಅಳತೆ, ಹಿಂದಿನ ಪೇಪರು ಯಾವುದು ಇಷ್ಟು ಸಾಕು. ಮನೆಯವರ ಹೆಸರು ಬೇಡ. ನನ್ನ ಪಟದ ಎಡ ಮೂಲೆಯ ಅಂಕೆ ಓದಲು ಬರುತ್ತಿಲ್ಲ, ಬೇರೆಯವರ ಸರಸ್ವತಿಯಲ್ಲಿ ಸ್ವಚ್ಛವಾಗಿ ಇರಬಹುದಲ್ವಾ.

ಶರಾವತಿ ಬಾಯಿ

ಹೊನ್ನಾವರ ಹತ್ತಿರದವಳು. ನಮ್ಮಲ್ಲಿ ಇದೇ ಸರಸ್ವತಿ ಇದೆ, ಆದರೆ ನಿಮ್ಮದಕ್ಕಿಂತ ಬಹಳ ಸಣ್ಣದು. ಕೆಳಗೆ ಪ್ರೆಸ್ಸಿನ ಹೆಸರು ಇಲ್ಲ, ಬರೀ "ಪ್ರಿಂಟೆಡ್ ಇನ್ ಜರ್ಮನಿ" ಅಂತಿದೆ. ನವಿಲು ಬೇರೆಯವರ ಪಟಗಳಲ್ಲಿ ನೋಡಿದ ಕಡೆ ಇಲ್ಲ, ಎದುರು ಬದಿಯಲ್ಲಿದೆ. ಹೀಗೆ ಇರಲು ಸಾಧ್ಯವಾ?

ಹಳೇ ಅಚ್ಚುಮನೆ

ಸಾಧ್ಯ ತಂಗಿ. ಅಚ್ಚಾದ ಪಟ ನೋಡಿಕೊಂಡು ಕಲ್ಲಿನ ಮೇಲೆ ನೇರವಾಗಿ ಬರೆದರೆ, ಅಚ್ಚು ಹಾಕುವಾಗ ಅದು ತಿರುಗಿ ಬೀಳುತ್ತದೆ. ಎಡ ಬಲ ಆಗುತ್ತದೆ, ಬಲ ಎಡ ಆಗುತ್ತದೆ. ಯಾರದೋ ಪಟ ನೋಡಿ ಬರೆದು ಇಳಿಸಿದ ನಕಲಿರಬಹುದು, ಅದೂ ಹಳೇ ಕಾಲದ್ದೇ ನಕಲು. ವೀಣೆ ಯಾವ ಕೈಯಲ್ಲಿ ನುಡಿಸುತ್ತಿದ್ದಾಳೆ ನೋಡಿ. ಎಡಗೈಯಲ್ಲಿ ಮೀಟುತ್ತಿದ್ದರೆ ಪೂರ್ತಿ ಚಿತ್ರ ತಿರುಗಿದೆ. ಕೆಳಗಿನ ಅಂಚಿನದ್ದು ಒಂದು ಫೋಟೋ, ಕೈಗಳದ್ದು ಒಂದು ಫೋಟೋ ಹಾಕಿ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಸಾಕು.